ಆಂಟಿವೈರಸ್ ಹಾಕಿಸಿದ್ದೀರಿ ಸರಿ, ಎಚ್ಚರಿಕೆ ಯಾರಿಗೆ ಬರುತ್ತದೆ?

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯ ಯಾವುದಾದರೂ ದಲಾಲಿ ಅಂಗಡಿಗೆ ಹೋಗಿ, ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಿದ್ದೀರಾ ಅಂತ ಕೇಳಿ ನೋಡಿ. "ಹಾಕೇವ್ರಿ" ಅಂತ ಉತ್ತರ ತಕ್ಷಣ ಬರುತ್ತದೆ. ಯಾವುದು, ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ ಮಾಲೀಕರು ಲೆಕ್ಕ ಬರೆಯುವ ಹುಡುಗನ ಮುಖ ನೋಡುತ್ತಾರೆ. "ಸಿಸ್ಟಮ್ ಕೊಟ್ಟಾವ್ರ ಹಾಕಿಕೊಟ್ಟಾರ್ರಿ" ಅನ್ನುತ್ತಾನೆ ಹುಡುಗ. ಲೈಸೆನ್ಸ್ ಮುಗಿದಿದೆ ಎನ್ನುವ ಕೆಂಪು ಕಿಟಕಿ ದಿನಾ ಬೆಳಿಗ್ಗೆ ಪರದೆಯ ಮೇಲೆ ಏಳುತ್ತಿರುತ್ತದೆ. ದಿನಾ ಅದನ್ನು ಮುಚ್ಚಿ ಟ್ಯಾಲಿ ತೆರೆಯುತ್ತಾರೆ.

ಈ ಬರಹ ಅಂಥ ಅಂಗಡಿ, ಆಫೀಸುಗಳಿಗಾಗಿ. ಎರಡು ಮೂರು ಕಂಪ್ಯೂಟರಿನಿಂದ ಹಿಡಿದು ಮೂವತ್ತು ನಲವತ್ತರವರೆಗೆ ಇವೆ, ಆದರೆ ಐಟಿ ನೋಡಿಕೊಳ್ಳಲು ಅಂತ ಬೇರೆ ಮನುಷ್ಯ ಇಲ್ಲ, ಹಾಗಿರುವ ಕಡೆಗೆ. ಇಂಥವರು ಮೊದಲು ಕೇಳುವ ಪ್ರಶ್ನೆ "ಯಾವ ಕಂಪನಿಯದು ಚೆನ್ನಾಗಿದೆ?" ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಹೆಸರಿರುವ ಕಂಪನಿಗಳ ನಡುವೆ ವೈರಸ್ ಹಿಡಿಯುವುದರಲ್ಲಿ ಅಂತರ ಈಗ ಬಹಳ ಕಡಿಮೆ. ನಿಜವಾದ ಅಂತರ ಬೇರೆ ಕಡೆ ಇದೆ. ಎಚ್ಚರಿಕೆ ಬಂದಾಗ ಯಾರು ನೋಡುತ್ತಾರೆ? ಆಂಟಿವೈರಸ್ ಆಫ್ ಮಾಡುವ ಅಧಿಕಾರ ಯಾರ ಕೈಯಲ್ಲಿದೆ? ನಿಮ್ಮಲ್ಲಿಗೆ ಫೈಲುಗಳು ಯಾವ ದಾರಿಯಿಂದ ಬರುತ್ತವೆ? ಇಷ್ಟು ಗೊತ್ತಾದರೆ ಪ್ಯಾಕೇಜ್ ಆರಿಸುವುದು ಅರ್ಧ ಮುಗಿದ ಹಾಗೆ.

ಸ್ಪೈವೇರಿಗೆ ಬೇಕಾದದ್ದೇನು?

ವೈರಸ್ ಬಂದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕಂಪ್ಯೂಟರ್ ನಿಧಾನವಾಗುತ್ತದೆ, ಫೈಲುಗಳು ಮಾಯವಾಗುತ್ತವೆ. ರ‍್ಯಾನ್ಸಮ್‌ವೇರ್ ಆದರಂತೂ ಎಲ್ಲ ಫೈಲಿಗೂ ಬೀಗ ಹಾಕಿ ದುಡ್ಡು ಕೇಳುವ ಚೀಟಿಯನ್ನೇ ತೆರೆದಿಡುತ್ತದೆ. ಸ್ಪೈವೇರ್ ಹಾಗಲ್ಲ. ಅದು ಗೊತ್ತಾಗಬಾರದು ಅಂತಲೇ ಬರೆದ ತಂತ್ರಾಂಶ. ನೀವು ಒತ್ತುವ ಕೀಲಿಗಳನ್ನು ಬರೆದುಕೊಳ್ಳುತ್ತದೆ, ಪರದೆಯ ಚಿತ್ರ ತೆಗೆಯುತ್ತದೆ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಎತ್ತಿಕೊಂಡು ಹೋಗುತ್ತದೆ. ಈಚಿನವು ಬ್ರೌಸರಿನ ಕುಕಿಗಳನ್ನೂ ಕದಿಯುತ್ತವೆ. ಕುಕಿ ಅಂದರೆ, ನೀವು ಆಗಲೇ ಲಾಗಿನ್ ಆಗಿದ್ದೀರಿ ಎನ್ನುವುದಕ್ಕೆ ಆ ತಾಣ ನಿಮ್ಮ ಬ್ರೌಸರಿಗೆ ಕೊಟ್ಟ ಗುರುತು. ಅದು ಕಳ್ಳನ ಕೈಗೆ ಸಿಕ್ಕರೆ ಎಷ್ಟೋ ಕಡೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.

ಇದು ದೂರದ ಮಾತಲ್ಲ. ಲುಮ್ಮಾ ಎಂಬ ಒಂದೇ ಕಳ್ಳ ತಂತ್ರಾಂಶ 2025ರ ಮಾರ್ಚ್ 16ರಿಂದ ಮೇ 16ರ ಒಳಗೆ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಲ್ಲಿ ಸೇರಿಕೊಂಡಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು.

ಬ್ಯಾಡಗಿಯ ಒಂದು ಮೆಣಸಿನಕಾಯಿ ವ್ಯಾಪಾರದ ಅಂಗಡಿಯಲ್ಲಿ ಇದು ಸೇರಿತು ಅಂದುಕೊಳ್ಳಿ. ಕಳ್ಳನಿಗೆ ಮೊದಲು ಸಿಗುವುದು ಇಮೇಲ್. ಅವನು ಅವಸರ ಮಾಡುವುದಿಲ್ಲ. ಯಾವ ಮಸಾಲೆ ಕಂಪನಿಗೆ ಎಷ್ಟು ಚೀಲ ಹೋಯಿತು, ಬಿಲ್ ನಂಬರ್ ಎಷ್ಟು, ದುಡ್ಡು ಯಾವಾಗ ಬರಬೇಕು ಅಂತ ಓದುತ್ತಾ ಕೂರುತ್ತಾನೆ. ದುಡ್ಡು ಬರುವ ಹಿಂದಿನ ದಿನ ಖರೀದಿದಾರರಿಗೆ ಒಂದು ಮೇಲ್ ಹೋಗುತ್ತದೆ. ಅದೇ ಲೆಟರ್‌ಹೆಡ್, ಅದೇ ಬಿಲ್ ನಂಬರ್, ಅದೇ ಮೊತ್ತ. ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ ಮಾತ್ರ ಬೇರೆ. ಕೆಳಗೆ ಒಂದು ಸಾಲು: ಹಳೇ ಖಾತೆ ಆಡಿಟ್‌ನಲ್ಲಿದೆ, ದಯವಿಟ್ಟು ಇದಕ್ಕೆ ಹಾಕಿ. ಆ ಮೇಲ್‌ನಲ್ಲಿ ವೈರಸ್ ಇಲ್ಲ, ಲಿಂಕ್ ಇಲ್ಲ. ಯಾವ ಆಂಟಿವೈರಸ್ಸೂ ಅದನ್ನು ತಡೆಯುವುದಿಲ್ಲ. ತಡೆಯಬಹುದಾಗಿದ್ದದ್ದು ವಾರಗಳ ಹಿಂದೆ ಅಂಗಡಿಯ ಕಂಪ್ಯೂಟರಿಗೆ ಸ್ಪೈವೇರ್ ಇಳಿದ ಆ ಕ್ಷಣವನ್ನು. ಅದೂ ತಪ್ಪಿದರೆ ಉಳಿಯುವುದು ಫೋನ್ ಒಂದೇ. ಖಾತೆ ಬದಲಾಗಿದೆ ಅಂತ ಮೇಲ್ ಬಂದರೆ ಹಳೇ ನಂಬರಿಗೆ ಫೋನ್ ಮಾಡಿ ಕೇಳದೆ ದುಡ್ಡು ಹಾಕಬೇಡಿ ಎಂದು ನಿಮ್ಮ ಖರೀದಿದಾರರಿಗೆಲ್ಲ ಈಗಲೇ ಹೇಳಿಡಿ.

ಹಿಂದೆ ಆಂಟಿವೈರಸ್ ಬೇರೆ, ಆಂಟಿಸ್ಪೈವೇರ್ ಬೇರೆ ಅಂತ ಎರಡು ಹಾಕಿಸುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಆಗಿನ ಆಂಟಿವೈರಸ್‌ಗಳು ಸ್ಪೈವೇರ್ ಕಡೆ ಅಷ್ಟಾಗಿ ನೋಡುತ್ತಿರಲಿಲ್ಲ. 2004ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಒಂದು ಆಂಟಿಸ್ಪೈವೇರ್ ಕಂಪನಿಯನ್ನು ಕೊಂಡುಕೊಂಡಿತು. ಈಗ ವಿಂಡೋಸ್ ಜೊತೆಗೇ ಬರುವ ವಿಂಡೋಸ್ ಡಿಫೆಂಡರ್ ಹುಟ್ಟಿದ್ದು ಅದರಿಂದಲೇ. ವಿಂಡೋಸ್ ವಿಸ್ಟಾ ಕಾಲದ ಡಿಫೆಂಡರ್ ಸ್ಪೈವೇರ್ ಮಾತ್ರ ಹಿಡಿಯುತ್ತಿತ್ತು. 2012ರ ವಿಂಡೋಸ್ 8ರಲ್ಲಿ ಅದು ಪೂರ್ತಿ ಆಂಟಿವೈರಸ್ ಆಯಿತು. ಈಗ ಒಳ್ಳೆಯ ಪ್ಯಾಕೇಜ್ ಯಾವುದೇ ಇರಲಿ, ಎರಡನ್ನೂ ನೋಡುತ್ತದೆ. "ಸ್ಪೈವೇರಿಗೆ ಬೇರೆ ಲೈಸೆನ್ಸ್ ಬೇಕ್ರಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ಯಂತ್ರದಲ್ಲಿ ಎರಡು ಆಂಟಿವೈರಸ್ ಓಡಿಸುವುದೂ ಬೇಡ. ಒಂದು ತೆರೆದ ಫೈಲನ್ನು ಇನ್ನೊಂದು ಅನುಮಾನಿಸುತ್ತಾ ಯಂತ್ರವನ್ನೇ ಕುಂಟಿಸುತ್ತವೆ.

ಆಂಟಿವೈರಸ್ ಹಿಡಿಯುವುದು ಹೇಗೆ?

ಠಾಣೆಯ ಗೋಡೆಯ ಮೇಲೆ ಹಳೇ ಕಳ್ಳರ ಫೋಟೋ ಹಾಕಿರುತ್ತಾರಲ್ಲ, ಮೊದಲನೇ ವಿಧಾನ ಅದೇ. ಗೊತ್ತಿರುವ ಕೆಟ್ಟ ಫೈಲುಗಳ ಗುರುತುಗಳ ಪಟ್ಟಿ ಇರುತ್ತದೆ, ಬಂದ ಫೈಲನ್ನು ಅದಕ್ಕೆ ಹೋಲಿಸುತ್ತದೆ. ಇದು ಬೇಗ ಆಗುವ ಕೆಲಸ, ತಪ್ಪೂ ಕಡಿಮೆ. ಆದರೆ ಹೊಸ ಕಳ್ಳನ ಫೋಟೋ ಗೋಡೆಯ ಮೇಲೆ ಇರುವುದಿಲ್ಲ. ಎರಡನೇ ವಿಧಾನ ನಡವಳಿಕೆ ನೋಡುವುದು. ಬಿಲ್ಲಿನ ಹೆಸರಿನಲ್ಲಿ ಬಂದ ಒಂದು ಫೈಲು ತೆರೆದ ಕೂಡಲೇ ನೂರಾರು ಫೈಲುಗಳನ್ನು ಒಂದೇ ಸಮನೆ ತಿದ್ದತೊಡಗಿದರೆ, ಅದರ ಹೆಸರು ಏನೇ ಇರಲಿ, ನಿಲ್ಲಿಸಬೇಕು. ಮೂರನೆಯದು, ಅನುಮಾನ ಬಂದ ಫೈಲಿನ ಗುರುತನ್ನು ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಕಳಿಸಿ, ಬೇರೆಲ್ಲಾದರೂ ಇದನ್ನು ಕಂಡಿದ್ದೀರಾ ಅಂತ ಕೇಳುವುದು. ನೆಟ್ ಇಲ್ಲದ ಯಂತ್ರಕ್ಕೆ ಈ ಮೂರನೆಯದು ಸಿಗುವುದಿಲ್ಲ. ತಿಂಗಳಾನುಗಟ್ಟಲೆ ಅಪ್‌ಡೇಟ್ ಆಗದ ಯಂತ್ರಕ್ಕೆ ಮೊದಲನೆಯದೂ ಅರ್ಧಕ್ಕರ್ಧ ಸಿಗುವುದಿಲ್ಲ.

ಬಿಸಿನೆಸ್ ಪ್ಯಾಕೇಜುಗಳ ಕರಪತ್ರದಲ್ಲಿ ಈಗ ಇಡಿಆರ್ ಅನ್ನುವುದು ಕಾಣುತ್ತದೆ. ಒಂದು ಯಂತ್ರದಲ್ಲಿ ಏನೇನು ನಡೆಯಿತು, ಯಾವ ಫೈಲು ಯಾವುದನ್ನು ತೆರೆಯಿತು, ಎಲ್ಲಿಗೆ ಸಂಪರ್ಕ ಮಾಡಿತು ಅಂತ ದಾಖಲೆ ಇಟ್ಟು, ಕೆಟ್ಟದ್ದು ಕಂಡರೆ ಆ ಯಂತ್ರವನ್ನು ದೂರದಿಂದಲೇ ನೆಟ್‌ವರ್ಕಿನಿಂದ ಬೇರೆ ಮಾಡುವ ಸೌಲಭ್ಯ ಅದು. ಒಳ್ಳೆಯದೇ. ಆದರೆ ಆ ದಾಖಲೆ ಓದುವವರು ಬೇಕು. ಓದುವವರಿಲ್ಲದ ಕಡೆ ಇಡಿಆರ್‌ಗೆ ದುಡ್ಡು ಹಾಕುವುದು ದಂಡ. ಅದನ್ನು ನೋಡಿಕೊಳ್ಳುವ ಸೇವೆಯನ್ನೂ ಜೊತೆಗೆ ಕೊಂಡರೆ ಮಾತು ಬೇರೆ.

ಇನ್ನೊಂದು ಮಾತು. 2017ರ ಮೇ 12ರಂದು ವನ್ನಾಕ್ರೈ ರ‍್ಯಾನ್ಸಮ್‌ವೇರ್ ಜಗತ್ತಿನ ಹಲವು ಆಸ್ಪತ್ರೆ, ಕಾರ್ಖಾನೆಗಳ ಕೆಲಸ ನಿಲ್ಲಿಸಿತು. ಅದು ನುಗ್ಗಿದ್ದು ವಿಂಡೋಸ್‌ನ ಫೈಲ್ ಶೇರಿಂಗ್‌ನಲ್ಲಿದ್ದ ಒಂದು ದೋಷದಿಂದ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಅಪ್‌ಡೇಟ್ ಕೊಟ್ಟಿತ್ತು. ಸುಮಾರು ಎರಡು ತಿಂಗಳು ಸಮಯವಿತ್ತು. ವಿಂಡೋಸ್ ಅಪ್‌ಡೇಟ್ ನಿಲ್ಲಿಸಿಟ್ಟು ದುಬಾರಿ ಆಂಟಿವೈರಸ್ ಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಬೇಕಾದವರು ಹೆಚ್ಚುವರಿ ಅಪ್‌ಡೇಟ್‌ಗಳಿಗೆ ಪ್ರತ್ಯೇಕವಾಗಿ ಹೆಸರು ಹಚ್ಚಬೇಕು. ದುಡ್ಡು ಒಂದಕ್ಕೇ ಸಾಲುವಂತಿದ್ದರೆ ಮೊದಲು ಹಳೇ ಯಂತ್ರ ಬದಲಿಸಿ, ಆಂಟಿವೈರಸ್ ಆಮೇಲೆ.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೆಲವರಿಗೆ ಇದು ಸಾಧ್ಯವಿಲ್ಲ. ಲೇತ್ ಯಂತ್ರದ ಜೊತೆಗೆ ಬಂದ ಹಳೇ ಕಂಪ್ಯೂಟರ್ ಹಳೇ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಹೊಸ ಆಂಟಿವೈರಸ್ ಅದರಲ್ಲಿ ಕೂರುವುದಿಲ್ಲ. ಅಂಥದ್ದಕ್ಕೆ ನೆಟ್ ಕೇಬಲ್ಲೇ ಬೇಡ. ಬೇರೆ ಯಂತ್ರದಲ್ಲಿ ಸ್ಕ್ಯಾನ್ ಮಾಡಿದ ಒಂದೇ ಪೆನ್ ಡ್ರೈವ್ ಅದಕ್ಕೆ ಮೀಸಲಿಡಿ, ಮನೆಗೆ ಒಯ್ಯಬೇಡಿ.

ಫೈಲುಗಳು ಬರುವ ದಾರಿ

ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳನ್ನೇ ತೆಗೆದುಕೊಳ್ಳಿ. ಲಗ್ನಪತ್ರಿಕೆ ಸೀಜನ್. ಕೌಂಟರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಪೆನ್ ಡ್ರೈವ್ ಚಾಚುತ್ತಾರೆ. ಒಬ್ಬರದು ದೇವಸ್ಥಾನದ ಜಾತ್ರೆ ಪೋಸ್ಟರ್, ಇನ್ನೊಬ್ಬರದು ಶಾಲೆಯ ಪ್ರಶ್ನೆಪತ್ರಿಕೆ, ಮತ್ತೊಬ್ಬರದು ನುಡಿ ತಂತ್ರಾಂಶದಲ್ಲಿ ಹೊಡೆದ ಆಮಂತ್ರಣ. ಅದೇ ಪೆನ್ ಡ್ರೈವ್ ಹಿಂದಿನ ದಿನ ಯಾವ ಝೆರಾಕ್ಸ್ ಅಂಗಡಿಯಲ್ಲಿ, ಯಾವ ಸೈಬರ್ ಕೆಫೆಯಲ್ಲಿ ಚುಚ್ಚಿಸಿಕೊಂಡಿತ್ತೋ ಯಾರಿಗೆ ಗೊತ್ತು?

ಡಿಟಿಪಿ ಮಾಡುವವರು ಅದನ್ನು ತೆರೆಯುತ್ತಾರೆ. ಒಳಗೆ ಫೋಲ್ಡರ್ ಇದೆ, ಹೆಸರು ಸರಿ ಇದೆ. ಆದರೆ ಫೋಲ್ಡರ್ ಚಿತ್ರದ ಎಡಗಡೆ ಕೆಳಮೂಲೆಯಲ್ಲಿ ಸಣ್ಣ ಬಾಣದ ಗುರುತು ಇದೆ. ಪ್ರಾಪರ್ಟೀಸ್ ನೋಡಿದರೆ ಒಂದೆರಡು ಕೆಬಿ ಮಾತ್ರ. ಅದು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ನಿಜವಾದ ಫೋಲ್ಡರನ್ನು ವೈರಸ್ ಮರೆಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಗಿರಾಕಿಗೆ ಫೈಲು ಸಿಕ್ಕಿತು, ಡಿಟಿಪಿಯವರಿಗೆ ಕೆಲಸ ಸಿಕ್ಕಿತು, ಯಾರಿಗೂ ಅನುಮಾನ ಬರಲಿಲ್ಲ. ಅವತ್ತು ಆ ಯಂತ್ರಕ್ಕೆ ಹಾಕಿದ ಉಳಿದ ಪೆನ್ ಡ್ರೈವ್‌ಗಳೆಲ್ಲ ಅದನ್ನು ಹೊತ್ತುಕೊಂಡು ಹೋದವು.

ಬಿಸಿನೆಸ್ ಆಂಟಿವೈರಸ್‌ಗಳಲ್ಲಿ ಡಿವೈಸ್ ಕಂಟ್ರೋಲ್ ಅಂತ ಇರುತ್ತದೆ. ಯಾವ ಯಂತ್ರಕ್ಕೆ ಪೆನ್ ಡ್ರೈವ್ ಹಾಕಬಹುದು, ಹಾಕಿದರೆ ಓದಲು ಮಾತ್ರವೋ ಬರೆಯಲೂ ಬಹುದೋ, ಅಂತ ಒಂದೇ ಕಡೆಯಿಂದ ತೀರ್ಮಾನ ಮಾಡಬಹುದು. ದಲಾಲಿ ಅಂಗಡಿಯವರು ಇದನ್ನು ಪೂರ್ತಿ ಬಂದ್ ಮಾಡಿದರೂ ನಡೆಯುತ್ತದೆ. ಆಡಿಟರ್‌ಗೆ ಕೊಡುವ ಡೇಟಾ ಮೇಲ್‌ನಲ್ಲಿ ಹೋದರಾಯಿತು. ಪ್ರೆಸ್ಸಿನವರು ಬಂದ್ ಮಾಡಿದರೆ ವ್ಯಾಪಾರವೇ ಬಂದ್. ಅವರು ಮಾಡಬೇಕಾದದ್ದು ಬೇರೆ. ಗಿರಾಕಿಗಳ ಪೆನ್ ಡ್ರೈವ್‌ಗೆ ಅಂತ ಕೌಂಟರಿನಲ್ಲಿ ಒಂದು ಯಂತ್ರ ಮೀಸಲಿಡಬೇಕು. ಅದರಲ್ಲಿ ಟ್ಯಾಲಿ ಇರಬಾರದು, ನೆಟ್ ಬ್ಯಾಂಕಿಂಗ್ ಮಾಡಬಾರದು, ಮಾಲೀಕರ ಮೇಲ್ ತೆರೆದಿರಬಾರದು. ಹಾಕಿದ ಕೂಡಲೇ ತಾನಾಗಿ ಸ್ಕ್ಯಾನ್ ಆಗಬೇಕು. ಸ್ಕ್ಯಾನ್ ಆದ ಫೈಲುಗಳಷ್ಟೇ ಒಳಗಿನ ಯಂತ್ರಗಳಿಗೆ ಹೋಗಬೇಕು. ಒಂದೇ ಪ್ಯಾಕೇಜ್, ಎರಡು ಅಂಗಡಿಗೆ ಎರಡು ರೀತಿ. ಯಂತ್ರ ಯಂತ್ರಕ್ಕೂ ಬೇರೆ ನಿಯಮ ಹಾಕಲು ಬಾರದ ಪ್ಯಾಕೇಜ್ ಪ್ರೆಸ್ಸಿಗೆ ಉಪಯೋಗವಿಲ್ಲ.

ಮೇಲ್ ಎರಡನೇ ದಾರಿ. ಜಿಎಸ್‌ಟಿ ನೋಟಿಸ್, ಕೊರಿಯರ್ ರಸೀದಿ, ಕೊಟೇಶನ್ ಕೇಳುವ ಪತ್ರ, ಹೀಗೆ ವೇಷ ಹಾಕಿ ಬರುತ್ತವೆ. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೆ ಬೀಜದ ಆರ್ಡರ್ ರೂಪದಲ್ಲೇ ಬರುತ್ತದೆ. ಮೂರನೆಯದು ಎನಿಡೆಸ್ಕ್‌ನಂಥ ರಿಮೋಟ್ ತಂತ್ರಾಂಶ, ಅಂದರೆ ದೂರದಲ್ಲಿ ಕೂತವರು ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವಂಥದ್ದು. ಇದು ವೈರಸ್ ಅಲ್ಲವಾದ್ದರಿಂದ ಆಂಟಿವೈರಸ್ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಟ್ಯಾಲಿ ರಿಪೇರಿಗೆ ಅಂತ ಯಾವಾಗಲೋ ಹಾಕಿ, ಪಾಸ್‌ವರ್ಡ್ ಇಟ್ಟು, ಹಾಗೇ ಬಿಟ್ಟಿರುತ್ತಾರೆ. ಬೇಡದಿದ್ದರೆ ತೆಗೆಸಿಬಿಡಿ.

ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು, ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಲೈಸೆನ್ಸ್ ಮುರಿದು ಓಡಿಸುವುದು. ಕೋರಲ್‌ಡ್ರಾ ಇರಲಿ, ಲೆಕ್ಕದ ತಂತ್ರಾಂಶ ಇರಲಿ, ವಿಂಡೋಸ್ಸೇ ಇರಲಿ. ಕ್ರ್ಯಾಕ್ ಜೊತೆಗೆ ಬರುವ ಸೂಚನೆಯ ಮೊದಲ ಸಾಲು ಬಹಳ ಸಲ ಒಂದೇ: ಆಂಟಿವೈರಸ್ ಆಫ್ ಮಾಡಿ. ಕಳ್ಳ ಬಾಗಿಲು ತಟ್ಟುವುದಿಲ್ಲ, ನಾವೇ ಕರೆದು ಕೂರಿಸುತ್ತೇವೆ. ಹೀಗೆ ಒಳಗೆ ಬಂದ ಸ್ಪೈವೇರನ್ನು ಯಾವ ಕಂಪನಿಯ ಪ್ಯಾಕೇಜೂ ಖಚಿತವಾಗಿ ತಡೆಯಲಾರದು. ಲೈಸೆನ್ಸ್ ದುಬಾರಿ ಎನಿಸಿದರೆ ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್ ಉಚಿತವಾಗಿಯೇ ಸಿಗುತ್ತವೆ. ಪ್ರೆಸ್ಸಿನವರು ಇಂಕ್‌ಸ್ಕೇಪ್ ಅಂದರೆ ಮುಖ ಸೊಟ್ಟಗೆ ಮಾಡುತ್ತಾರೆ, ಅದೂ ಗೊತ್ತು.

ಮನೆಯದು, ಅಂಗಡಿಯದು

ಕಂಪ್ಯೂಟರ್ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದು ಹೆಚ್ಚಾಗಿ ಮನೆ ಬಳಕೆಯದು. ವೈರಸ್ ಹಿಡಿಯುವ ಒಳಗಿನ ಎಂಜಿನ್ ಇದರಲ್ಲೂ ಬಿಸಿನೆಸ್ ಎಡಿಶನ್‌ನಲ್ಲೂ ಸಾಮಾನ್ಯವಾಗಿ ಒಂದೇ. ಹಾಗಾದರೆ ಬಿಸಿನೆಸ್ ಎಡಿಶನ್‌ಗೆ ಜಾಸ್ತಿ ದುಡ್ಡು ಯಾಕೆ?

ಮೊದಲನೆಯದಾಗಿ ಕನ್ಸೋಲ್. ಎಲ್ಲ ಯಂತ್ರಗಳ ಸ್ಥಿತಿ ಒಂದೇ ಪುಟದಲ್ಲಿ ಕಾಣುತ್ತದೆ. ಹುಬ್ಬಳ್ಳಿಯ ಮುಖ್ಯ ಕಚೇರಿಯಲ್ಲಿ ಕೂತವರಿಗೆ ಹಾವೇರಿ ಬ್ರಾಂಚಿನ ಯಂತ್ರ ಹತ್ತು ದಿನದಿಂದ ಅಪ್‌ಡೇಟ್ ಆಗಿಲ್ಲ ಅಂತ ಗೊತ್ತಾಗುತ್ತದೆ. ಮನೆ ಎಡಿಶನ್‌ನಲ್ಲಿ ಎಚ್ಚರಿಕೆ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ ಕಾಣುತ್ತದೆ. ಅವರು ಅದನ್ನು ಮುಚ್ಚಿ ಮುಂದಿನ ಕೆಲಸ ನೋಡುತ್ತಾರೆ. ಅವರದೇನೂ ತಪ್ಪಲ್ಲ, ಅವರ ಕೆಲಸ ಬಿಲ್ ಹೊಡೆಯುವುದು.

ಎರಡನೆಯದು ಪಾಸ್‌ವರ್ಡ್. ಆಫ್ ಮಾಡಲು, ತೆಗೆದುಹಾಕಲು, ಯಾವುದಾದರೂ ಫೋಲ್ಡರನ್ನು ಸ್ಕ್ಯಾನ್‌ನಿಂದ ಬಿಡಲು ಪಾಸ್‌ವರ್ಡ್ ಬೇಕು. ಅದು ಮಾಲೀಕರ ಬಳಿ ಇರಬೇಕು, ಡಬ್ಬಿ ಮಾರಿದವರ ಬಳಿ ಮಾತ್ರ ಇದ್ದರೆ ಸಾಲದು. ಇದರ ಜೊತೆಗೆ, ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ವಿಂಡೋಸ್ ಖಾತೆ ಕೊಡಿ. ಖರ್ಚಿಲ್ಲದ ಈ ಒಂದು ಕೆಲಸ ಎಷ್ಟೋ ದುಬಾರಿ ಸೌಲಭ್ಯಕ್ಕೆ ಸಮ.

ಮೂರನೆಯದು ಸರ್ವರ್. ಟ್ಯಾಲಿ ಡೇಟಾ ಇರುವ ಯಂತ್ರದಲ್ಲಿ ವಿಂಡೋಸ್ ಸರ್ವರ್ ಇದ್ದರೆ ಮನೆ ಎಡಿಶನ್ ಸಾಮಾನ್ಯವಾಗಿ ಅದರಲ್ಲಿ ಕೂರುವುದೇ ಇಲ್ಲ. ಹತ್ತು ಯಂತ್ರಕ್ಕೆ ಹಾಕಿಸಿ, ಎಲ್ಲದಕ್ಕಿಂತ ಬೆಲೆಬಾಳುವ ಹನ್ನೊಂದನೆಯದನ್ನು ಖಾಲಿ ಬಿಟ್ಟಿರುವುದು ಇದೇ ಕಾರಣಕ್ಕೆ.

ಇನ್ನು ಉಚಿತ ಆಂಟಿವೈರಸ್. ಹೆಚ್ಚಿನವುಗಳ ಲೈಸೆನ್ಸ್‌ನಲ್ಲಿ ಸ್ವಂತ ಬಳಕೆಗೆ ಮಾತ್ರ ಅಂತ ಬರೆದಿರುತ್ತದೆ, ವ್ಯಾಪಾರದ ಯಂತ್ರದಲ್ಲಿ ಹಾಕಿದರೆ ನಿಯಮ ಮೀರಿದ ಹಾಗೆ. ಉಚಿತ ಕೊಡುವವರಿಗೂ ಹೊಟ್ಟೆ ಇದೆ ಅನ್ನುವುದನ್ನೂ ಮರೆಯಬೇಡಿ. ಅವಾಸ್ಟ್ ಕಂಪನಿ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರಿದ್ದು ಹೊರಬಿತ್ತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕಾಗಿ 1.65 ಕೋಟಿ ಡಾಲರ್ ಕಟ್ಟಿಸಿತು. ಸ್ಪೈವೇರ್ ತಡೆಯಲು ಹಾಕಿಸಿದ್ದೇ ಬೇಹುಗಾರಿಕೆ ಮಾಡಿದರೆ ಏನು ಹೇಳುವುದು?

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕಾಗುವುದಿಲ್ಲವಾ? ಎರಡು ಮೂರು ಯಂತ್ರದ ಅಂಗಡಿ, ಅಸಲಿ ವಿಂಡೋಸ್ 11, ಅಪ್‌ಡೇಟ್ ತಾನಾಗಿ ಆಗುತ್ತದೆ, ಕ್ರ್ಯಾಕ್ ಇಲ್ಲ, ಅಡ್ಮಿನ್ ಖಾತೆಯಲ್ಲಿ ಕೆಲಸ ಮಾಡುವುದಿಲ್ಲ. ಇಷ್ಟಿದ್ದರೆ ಸಾಕು ಅಂತಲೇ ನನ್ನ ಅಭಿಪ್ರಾಯ. ಉಳಿದ ದುಡ್ಡಿಗೆ ಬ್ಯಾಕಪ್‌ಗೆ ಎರಡು ಹಾರ್ಡ್ ಡಿಸ್ಕ್ ತನ್ನಿ. ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದಿದೆ, ಮೊದಲಿಗೆ ಆಫ್ ಇರುತ್ತದೆ. ಆನ್ ಮಾಡಿ ಟ್ಯಾಲಿ ಡೇಟಾ ಫೋಲ್ಡರನ್ನು ಅದಕ್ಕೆ ಸೇರಿಸಿದರೆ, ಅನುಮತಿ ಇಲ್ಲದ ತಂತ್ರಾಂಶ ಆ ಫೋಲ್ಡರಿನಲ್ಲಿ ಏನನ್ನೂ ತಿದ್ದಲಾಗುವುದಿಲ್ಲ. ಆದರೆ ಉಚಿತ ಡಿಫೆಂಡರ್‌ನಲ್ಲಿ ಎಲ್ಲ ಯಂತ್ರಗಳನ್ನು ಒಂದೇ ಕಡೆ ನೋಡುವ ಪುಟ ಇಲ್ಲ. ಯಂತ್ರಗಳು ಹತ್ತರ ಹತ್ತಿರ ಬಂದರೆ, ಅಥವಾ ಸರ್ವರ್ ಇದ್ದರೆ, ಅಥವಾ ಬ್ರಾಂಚ್ ಇದ್ದರೆ ಕನ್ಸೋಲ್ ಇರುವುದನ್ನು ಕೊಳ್ಳಿ. ಮೈಕ್ರೋಸಾಫ್ಟ್‌ನದೇ ಬೇಕೆಂದರೆ 300 ಜನರವರೆಗಿನ ಸಂಸ್ಥೆಗಳಿಗೆ ಡಿಫೆಂಡರ್ ಫಾರ್ ಬಿಸಿನೆಸ್ ಎಂಬ ದುಡ್ಡಿನ ಪ್ಯಾಕೇಜ್ ಇದೆ.

ಧಾರವಾಡದ ಕೋಚಿಂಗ್ ಸೆಂಟರುಗಳು, ಆಸ್ಪತ್ರೆಗಳು ಇನ್ನೂ ಒಂದು ಲೆಕ್ಕ ಹಾಕಬೇಕು. ಅವರ ಯಂತ್ರದಲ್ಲಿರುವುದು ಬೇರೆಯವರ ಆಧಾರ್ ಪ್ರತಿ, ಅಂಕಪಟ್ಟಿ, ರಿಪೋರ್ಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ತಕ್ಕ ಭದ್ರತೆ ಇಡದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ.

ಅಂಕ ನೋಡುವುದು ಹೇಗೆ?

ಈಗ ಕಂಪನಿಯ ಪ್ರಶ್ನೆಗೆ ಬರೋಣ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್, ಬ್ರಿಟನ್ನಿನ ಎಸ್‌ಇ ಲ್ಯಾಬ್ಸ್ ಆಂಟಿವೈರಸ್‌ಗಳನ್ನು ಪರೀಕ್ಷಿಸಿ ಫಲಿತಾಂಶ ಹಾಕುತ್ತವೆ. ಯಾರು ಬೇಕಾದರೂ ಓದಬಹುದು. ಎವಿ-ಟೆಸ್ಟ್ ರಕ್ಷಣೆ, ವೇಗ, ಬಳಕೆಯ ಅನುಕೂಲ ಮೂರಕ್ಕೂ ತಲಾ 6ರಂತೆ 18 ಅಂಕ ಇಟ್ಟಿದೆ. ಮೇಲಿನ ಸಾಲಿನಲ್ಲಿ ಬಹಳಷ್ಟು ಹೆಸರುಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಒಂದು ತಿಂಗಳಲ್ಲಿ ಅರ್ಧ ಅಂಕ ಹಿಂದೆ ಬಿತ್ತು ಅಂತ ಬಿಡಬೇಡಿ. ಒಂದೆರಡು ವರ್ಷದ ಫಲಿತಾಂಶ ನೋಡಿ, ಸತತವಾಗಿ ಮೇಲಿದ್ದರೆ ಸಾಕು. ಬಿಸಿನೆಸ್ ಎಡಿಶನ್‌ಗೆ ಬೇರೆ ಪಟ್ಟಿ ಇರುತ್ತದೆ, ಅದನ್ನೇ ನೋಡಿ.

ನಾನು ಇದರಲ್ಲಿ ಮೊದಲು ನೋಡುವುದು ಸುಳ್ಳು ಎಚ್ಚರಿಕೆಗಳ ಸಂಖ್ಯೆಯನ್ನು. ನಮ್ಮ ಕಡೆ ಇದು ದೊಡ್ಡ ಸಮಸ್ಯೆ. ರೈತರಿಗೆ ಮಾರಾಟದ ಲೆಕ್ಕದ ಪಟ್ಟಿ ಹೊಡೆದುಕೊಡುವ ತಂತ್ರಾಂಶವನ್ನು ಊರಿನ ಯಾರೋ ಒಬ್ಬರು ಬರೆದುಕೊಟ್ಟಿರುತ್ತಾರೆ. ಅದಕ್ಕೆ ಬರೆದವರು ಯಾರೆಂದು ತೋರಿಸುವ ಡಿಜಿಟಲ್ ಸಹಿ ಇರುವುದಿಲ್ಲ, ಬಳಸುವ ಅಂಗಡಿಗಳೂ ಬೆರಳೆಣಿಕೆ. ಜಗತ್ತಿನಲ್ಲಿ ಎಲ್ಲೂ ಕಾಣದ ಫೈಲು ಅಂತ ಆಂಟಿವೈರಸ್ ಅದನ್ನೇ ಎತ್ತಿ ಕ್ವಾರಂಟೈನ್‌ಗೆ ಹಾಕುತ್ತದೆ. ಟೆಂಡರ್ ದಿನ ಸಂಜೆ, ರೈತರು ಪಟ್ಟಿಗೆ ಕಾಯುತ್ತಾ ನಿಂತಿದ್ದಾಗ ಇದು ಆದರೆ ಏನಾಗುತ್ತದೆ ಗೊತ್ತಲ್ಲ? ಯಾರೋ ಆಂಟಿವೈರಸ್ಸನ್ನೇ ಕಿತ್ತು ಹಾಕುತ್ತಾರೆ. ಮತ್ತೆ ಹಾಕುವುದಿಲ್ಲ. ಆದ್ದರಿಂದ ಟ್ರಯಲ್ ತೆಗೆದುಕೊಳ್ಳಿ, ಅದೂ ಅಂಗಡಿಯ ಎಲ್ಲಕ್ಕಿಂತ ನಿಧಾನದ ಯಂತ್ರದಲ್ಲಿ, ಜಾಸ್ತಿ ಗದ್ದಲದ ದಿನ. ನಿಮ್ಮ ಪಟ್ಟಿ ತಂತ್ರಾಂಶ, ಪ್ರಿಂಟರ್, ಜಿಎಸ್‌ಟಿ ಸಹಿಯ ಟೋಕನ್ ಎಲ್ಲ ಓಡುತ್ತವಾ ನೋಡಿ.

ಟ್ಯಾಲಿ ನಿಧಾನವಾಯಿತು ಅಂತ ಡೇಟಾ ಫೋಲ್ಡರನ್ನು ಸ್ಕ್ಯಾನ್‌ನಿಂದ ಬಿಡಿಸುವುದು ಸಾಮಾನ್ಯ. ಬಿಡಿಸಲೇಬೇಕಾದರೆ ಆ ಒಂದು ಫೋಲ್ಡರನ್ನಷ್ಟೇ ಬಿಡಿಸಿ. ಇಡೀ ಡಿ ಡ್ರೈವನ್ನೇ ಬಿಟ್ಟಿರುವ ಅಂಗಡಿಗಳಿವೆ. ಕ್ರ್ಯಾಕ್ ಫೈಲುಗಳು ಇರುವುದೂ ಆ ಡಿ ಡ್ರೈವಿನಲ್ಲೇ. ಪೂರ್ತಿ ಸ್ಕ್ಯಾನ್ ರಾತ್ರಿ ಎರಡು ಗಂಟೆಗೆ ಅಂತ ಇಟ್ಟು, ಎಂಟಕ್ಕೆ ಮೇನ್ ಸ್ವಿಚ್ ಆರಿಸಿ ಮನೆಗೆ ಹೋಗುವವರೂ ಇದ್ದಾರೆ. ಊಟದ ಹೊತ್ತಿಗೆ ಇಡಿ.

ಊರು, ದೇಶದ ಮಾತೂ ಬರುತ್ತದೆ. ಸೀಕ್ರೈಟ್ ಹೆಸರಿನಲ್ಲಿ ಬಿಸಿನೆಸ್ ಪ್ಯಾಕೇಜ್ ಮಾಡುವ ಕ್ವಿಕ್ ಹೀಲ್ ಪುಣೆಯದು, ಕೆ7 ಚೆನ್ನೈಯದು, ಇಸ್ಕ್ಯಾನ್ ಮುಂಬೈಯದು. ರಷ್ಯಾದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು, ಅಲ್ಲಿನ ಬಳಕೆದಾರರಿಗೆ ಅಪ್‌ಡೇಟ್ ನಿಂತವು. ದೇಶ ನೋಡಿ ಕೊಳ್ಳಿ ಅಂತ ನಾನು ಹೇಳುವುದಿಲ್ಲ. ಆದರೆ ಯಂತ್ರದ ಒಳಗೆ ಎಲ್ಲ ಬಾಗಿಲಿನ ಕೀಲಿ ಇರುವುದು ಆಂಟಿವೈರಸ್‌ಗೆ, ಅದು ನೆನಪಿರಲಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅವತ್ತು ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ದೊಡ್ಡ ಹೆಸರು ಅಂತ ಕಣ್ಣು ಮುಚ್ಚುವ ಹಾಗಿಲ್ಲ. ನನಗೆ ಹೆಚ್ಚು ಮುಖ್ಯವಾಗುವುದು, ಹಾವೇರಿಯಲ್ಲಿ ಯಂತ್ರ ಕೆಟ್ಟರೆ ಕನ್ನಡದಲ್ಲಿ ಫೋನ್ ಎತ್ತುವವರು ಇದ್ದಾರಾ, ಬೇಕಾದರೆ ಬರುತ್ತಾರಾ ಅನ್ನುವುದು.

ದುಡ್ಡಿನ ವಿಷಯಕ್ಕೆ ಬಂದರೆ, ಮೊದಲ ವರ್ಷದ ರೇಟು ನೋಡಿ ಖುಷಿಪಡಬೇಡಿ. ನವೀಕರಣದ ರೇಟು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಲೈಸೆನ್ಸ್ ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ನಿಮ್ಮದೇ ಇಮೇಲ್‌ನಲ್ಲಿ ನೋಂದಾಗಬೇಕು. ಮಾರಿದವರ ಇಮೇಲ್ ಹಾಕಿದ್ದರೆ ಕನ್ಸೋಲ್ ಅವರದು, ಎಚ್ಚರಿಕೆ ಅವರಿಗೆ. ನಾಳೆ ಅವರು ಅಂಗಡಿ ಮುಚ್ಚಿದರೆ ನೀವು ಹೊರಗೆ.

ಆದರೂ ಒಳಗೆ ಬಂದರೆ

ಬರಬಹುದು. ಮೊದಲು ನೆಟ್ ಕೇಬಲ್ ಕಿತ್ತು, ವೈಫೈ ಆರಿಸಿ, ಆ ಯಂತ್ರವನ್ನು ಉಳಿದವುಗಳಿಂದ ಬೇರೆ ಮಾಡಿ. ಫಾರ್ಮ್ಯಾಟ್ ಮಾಡಲು ಅವಸರ ಬೇಡ, ಪುರಾವೆ ಹೋಗುತ್ತದೆ. ಪಾಸ್‌ವರ್ಡ್‌ಗಳನ್ನು ಬೇರೆ ಶುದ್ಧ ಯಂತ್ರದಿಂದ ಬದಲಿಸಿ. ಎಲ್ಲ ಕಡೆಯಿಂದ ಲಾಗ್‌ಔಟ್ ಮಾಡುವ ಆಯ್ಕೆ ಇದ್ದರೆ ಅದನ್ನೂ ಒತ್ತಿ, ಕದ್ದ ಕುಕಿಗಳು ಆಗಲೇ ಸಾಯುವುದು. ದುಡ್ಡು ಹೋಗಿದ್ದರೆ ಅದೇ ಗಳಿಗೆಯಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ನಂತರ ಸೈಬರ್ ಅಪರಾಧ ನೋಡಿಕೊಳ್ಳುವ ನಿಮ್ಮ ಸಿಇಎನ್ ಠಾಣೆಗೆ ಹೋಗಿ. ಸಂಸ್ಥೆಗಳು ಇಂಥ ಘಟನೆಗಳನ್ನು ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್ 28ರ ನಿರ್ದೇಶನ ಹೇಳುತ್ತದೆ.

ಬ್ಯಾಕಪ್ ಡಿಸ್ಕ್ ಯಾವಾಗಲೂ ಯಂತ್ರಕ್ಕೆ ಚುಚ್ಚಿಯೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಎರಡು ಡಿಸ್ಕ್ ಇಟ್ಟು ದಿನ ಬಿಟ್ಟು ದಿನ ಬದಲಿಸಿ, ಒಂದು ಯಾವಾಗಲೂ ಕಪಾಟಿನಲ್ಲಿರಲಿ. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಅದನ್ನು ರಿಸ್ಟೋರ್ ಮಾಡಿ, ನಿನ್ನೆಯ ಬಿಲ್ಲು ತೆರೆಯುತ್ತದಾ ನೋಡಿ.

ಹೊಸ ಪ್ಯಾಕೇಜ್ ಹಾಕಿಸಿದ ದಿನ, ಹಾಕಿದವರು ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಐಕಾರ್ ಎಂಬ ಸಂಸ್ಥೆ 68 ಅಕ್ಷರಗಳ ಒಂದು ಪರೀಕ್ಷಾ ಫೈಲು ಇಟ್ಟಿದೆ. ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅಂತ ಒಪ್ಪಂದ. ಕೌಂಟರಿನ ಯಂತ್ರದಲ್ಲಿ ಅದನ್ನು ಇಳಿಸಿ. ಯಂತ್ರದಲ್ಲಿ ಕಿಟಕಿ ಏಳುವುದು ಹೇಗೂ ಆಗುತ್ತದೆ. ಮಾಲೀಕರ ಮೇಲ್‌ಗೋ ಫೋನಿಗೋ ಸಂದೇಶ ಬಂತಾ ಅಂತ ನೋಡಿ. ಬರದಿದ್ದರೆ ಕನ್ಸೋಲ್ ತೆರೆಸಿ, ನಿಮ್ಮ ನಂಬರು ಸೇರಿಸಿ, ಇನ್ನೊಮ್ಮೆ ಇಳಿಸಲು ಹೇಳಿ. ಬಾಕಿ ದುಡ್ಡು ಆಮೇಲೆ ಕೊಡಿ.